ಸೆಲ್ ತೆಗೆದ್ರೂ ಹೋಗದ ಪಾಸ್‌ವರ್ಡು

ಪ್ರಶ್ನೆ: ಸರ್, ಅಪ್ಪ ರಿಟೈರ್ ಆಗೋ ಮುಂಚೆ ತಗೊಂಡಿದ್ದ ಐಬಿಎಂ ಥಿಂಕ್‌ಪ್ಯಾಡ್ ಟಿ42 ಅಟ್ಟದ ಮೇಲೆ ಸಿಕ್ತು. ಎಫ್1 ಒತ್ತಿ ಸೆಟಪ್‌ಗೆ ಹೋದ್ರೆ ಪಾಸ್‌ವರ್ಡ್ ಕೇಳುತ್ತೆ, ಅಪ್ಪಂಗೆ ನೆನಪೇ ಇಲ್ಲ. ಯೂಟ್ಯೂಬ್ ನೋಡಿ ಒಳಗಿನ ಸೆಲ್ ಕಿತ್ತು ಎರಡು ದಿನ ಬಿಟ್ಟೆ, ಏನೂ ಆಗ್ಲಿಲ್ಲ. ಅಂಗಡಿಯವ್ರು ಮದರ್‌ಬೋರ್ಡೇ ಬದಲಾಯಿಸ್ಬೇಕು ಅಂತಾರೆ, ನಿಜಾನಾ?

ಉತ್ತರ: ಅಂಗಡಿಯವ್ರು ಸುಳ್ಳು ಹೇಳ್ತಿಲ್ಲ, ಐಬಿಎಂನವರ ಸರ್ವೀಸ್ ಮ್ಯಾನ್ಯುಯಲ್ ಹೇಳೋದೂ ಅದನ್ನೇ. ಆದ್ರೆ ಅದೊಂದೇ ದಾರಿ ಅಲ್ಲ. ಸೆಲ್ ತೆಗೆದ್ರೆ ಅಳಿಸಿಹೋಗೋದು ಕರೆಂಟ್ ಇದ್ರೆ ಮಾತ್ರ ನೆನಪಿಟ್ಕೊಳ್ಳೋ ಸಿಮಾಸ್‌ನಲ್ಲಿರೋದು, ಟೈಮು ಡೇಟು ಇಂಥವು. ನಿಮ್ದು ಸೂಪರ್‌ವೈಸರ್ ಪಾಸ್‌ವರ್ಡ್, ಅಂದ್ರೆ ಸೆಟಪ್‌ಗೇ ಹಾಕಿರೋ ಬೀಗ, ಅದು ಕೂತಿರೋದು ಬೋರ್ಡಿನ ಮೇಲೆ 24ಆರ್‌ಎಫ್08 ಅನ್ನೋ ಎಂಟು ಕಾಲಿನ ಪುಟ್ಟ ಈಪ್ರಾಮ್ ಚಿಪ್‌ನಲ್ಲಿ, ಬರೀ 1 ಕೆಬಿ, ಕರೆಂಟ್ ಇಲ್ದೆ ವರ್ಷಗಟ್ಲೆ ಹಾಗೇ ಇರುತ್ತೆ. (ಹೆಸರಲ್ಲಿ ಆರ್‌ಎಫ್ ಯಾಕೆ ಅಂದ್ರೆ, ಲ್ಯಾಪ್‌ಟಾಪ್ ಯಾರ್ದು ಅಂತ ರೇಡಿಯೋ ಮೂಲಕ ಓದೋ ವ್ಯವಸ್ಥೆನೂ ಅದ್ರಲ್ಲಿತ್ತು.)

ಆ ಚಿಪ್ಪಿನ ಡೇಟಾ, ಕ್ಲಾಕ್, ಗ್ರೌಂಡ್ ಮೂರು ಕಾಲಿಗೆ ಸಣ್ಣ ವೈರ್ ಬೆಸುಗೆ ಹಾಕಿ ಇನ್ನೊಂದು ಕಂಪ್ಯೂಟರಿಂದ ಓದ್ಬಹುದು. ಹಿಂದೆ ಸೀರಿಯಲ್ ಪೋರ್ಟಿಗೆ ಒಂದೆರಡು ರೆಸಿಸ್ಟರ್ ಹಾಕಿ ಮಾಡ್ತಿದ್ರು, ಈಗ 3.3 ವೋಲ್ಟಿನ ಯಾವ್ದಾದ್ರೂ ಮೈಕ್ರೋಕಂಟ್ರೋಲರ್ ಬೋರ್ಡ್ ಸಾಕು, 5 ವೋಲ್ಟ್ ಕೊಟ್ಬಿಡ್ಬೇಡಿ. ಓದಿದ ಫೈಲಲ್ಲಿ ಹೆಕ್ಸ್ (ಹತ್ತರ ಬದಲು ಹದಿನಾರರ ಲೆಕ್ಕ) 338 ಮತ್ತು 340ನೇ ಜಾಗ, ಈ ಎರಡೂ ಕಡೆ ಪಾಸ್‌ವರ್ಡ್ ಇರುತ್ತೆ, ಜಾಸ್ತಿ ಅಂದ್ರೆ 7 ಅಕ್ಷರ. ನೋಡಿದ್ ತಕ್ಷಣ ಕಸದ ಥರ ಕಾಣುತ್ತೆ ಯಾಕಂದ್ರೆ ಅಲ್ಲಿರೋದು ಅಕ್ಷರ ಅಲ್ಲ, ಒತ್ತಿದ ಕೀಲಿಯ ನಂಬರು, ಅದೂ ಹೆಕ್ಸ್‌ನಲ್ಲೇ, ಕ್ಯೂಗೆ 10, ಡಬ್ಲ್ಯೂಗೆ 11, ಆರ್‌ಗೆ 13, ಎಂಗೆ 32, ಹೀಗೆ ಕೀಬೋರ್ಡಿನ ಸಾಲು ಹಿಡಿದು ಹೋಗುತ್ತೆ. ಯಾವ ಕೀಲಿಗೆ ಯಾವ ನಂಬರು ಅನ್ನೋ ಪಟ್ಟಿ ಮುಂದಿಟ್ಕೊಂಡು ಕೂತ್ರೆ ಐದು ನಿಮಿಷದ ಕೆಲ್ಸ. ದೊಡ್ಡಕ್ಷರ ಚಿಕ್ಕಕ್ಷರ ಅನ್ನೋ ತಲೆನೋವೂ ಇಲ್ಲ, ಕೀಲಿ ಒಂದೇ ತಾನೆ.

ಒಂದು ಮಾತು, ಓದಿ ಅಷ್ಟೇ, ಬರೆಯೋಕೆ ಹೋಗ್ಬೇಡಿ. ಚೆಕ್‌ಸಮ್ (ಡೇಟಾ ಸರಿಯಿದ್ಯಾ ಅಂತ ತಾಳೆ ನೋಡೋ ನಂಬರು) ತಪ್ಪಿದ್ರೆ ಬೋರ್ಡ್ ಬೂಟೇ ಆಗಲ್ಲ. ಹಿಂದೆ ಲಿನಕ್ಸ್‌ನಲ್ಲಿ ಟೆಂಪರೇಚರ್ ಸೆನ್ಸರ್ ಹುಡುಕೋ ಪ್ರೋಗ್ರಾಂ ಓಡಿಸಿದ್ದಕ್ಕೇ ಕೆಲವು ಥಿಂಕ್‌ಪ್ಯಾಡ್‌ಗಳ ಈ ಚಿಪ್ ಕೆಟ್ಟು ಸತ್ತೋಗಿದ್ವು. ಬೆಸುಗೆ ಕೈ ಪಳಗಿಲ್ಲ ಅಂದ್ರೆ ಮೊಬೈಲ್ ರಿಪೇರಿ ಮಾಡೋವ್ರ ಹತ್ರ ಆ ಮೂರು ವೈರ್ ಮಾತ್ರ ಹಾಕಿಸ್ಕೊಳ್ಳಿ.

ಪ್ರಶ್ನೆ: ಹಾರ್ಡ್‌ಡಿಸ್ಕಿಗೂ ಬೇರೆ ಪಾಸ್‌ವರ್ಡ್ ಹಾಕಿದ್ರೆ ಅದೂ ಅಲ್ಲೇ ಸಿಗುತ್ತಾ?

ಉತ್ತರ: ಇಲ್ಲ. ಅದು ಡಿಸ್ಕಿನೊಳಗೇ ಇರೋದು, ಈ ಚಿಪ್ಪಿಗೂ ಅದಕ್ಕೂ ಸಂಬಂಧ ಇಲ್ಲ. ಆದ್ರೆ ಸಿಕ್ಕ ಪಾಸ್‌ವರ್ಡನ್ನೇ ಅಲ್ಲೂ ಒಮ್ಮೆ ಹೊಡೆದು ನೋಡಿ, ಎರಡಕ್ಕೂ ಒಂದೇ ಇಟ್ಟಿರೋವ್ರೇ ಜಾಸ್ತಿ.