ತಾಯ್ ಚಿ ಮುಂದುವರಿಯಲಿ, ಮಾತ್ರೆ ನಿಲ್ಲುವುದು ಬೇಡ

ಪ್ರಶ್ನೆ: ಅಮ್ಮನಿಗೆ 66 ವರ್ಷ. ಮೊಣಕಾಲು ಸವೆತ, ಜೊತೆಗೆ ಶುಗರ್. ನಾಲ್ಕು ತಿಂಗಳಿಂದ ಜಯನಗರದ ಪಾರ್ಕೊಂದರಲ್ಲಿ ತಾಯ್ ಚಿ ಎಂಬ ಚೀನೀ ವ್ಯಾಯಾಮ ಕಲಿಯುತ್ತಿದ್ದಾರೆ. ಕಾಲುನೋವು ಕಡಿಮೆಯಾಗಿದೆ. ಈಗ ಗುರುಗಳು ಅಂಗೈಯಿಂದ ‘ಚಿ’ ಶಕ್ತಿ ಹರಿಸಿ ಶುಗರ್ ಕೂಡ ವಾಸಿ ಮಾಡುತ್ತೇನೆ ಎನ್ನುತ್ತಿದ್ದಾರೆ. ಅದಕ್ಕೆ ಬೇರೆ ಫೀಸು. ಅವರು ಮುಟ್ಟದೆ ಕೈ ಚಾಚಿದರೂ ಮಂಡಿ ಬೆಚ್ಚಗಾಗುತ್ತದಂತೆ. ಅಮ್ಮ ಮಾತ್ರೆ ಅರ್ಧ ಮಾಡಿದ್ದಾರೆಂದು ಮೊನ್ನೆ ಗೊತ್ತಾಯಿತು. ಏನು ಮಾಡಲಿ ಡಾಕ್ಟ್ರೇ?
– ಮಗಳು, ಬನಶಂಕರಿ

ಉತ್ತರ: ಮೊದಲು ಮಾತ್ರೆಯ ವಿಷಯ. ಅದನ್ನು ಬರೆದುಕೊಟ್ಟ ವೈದ್ಯರಿಗೆ ಇವತ್ತೇ ಫೋನ್ ಮಾಡಿ, ಅರ್ಧ ಮಾಡಿದ್ದನ್ನು ಮುಚ್ಚಿಡದೆ ಹೇಳಿ. ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿದರೆ ಕಳೆದ ಎರಡು-ಮೂರು ತಿಂಗಳ ಶುಗರ್ ಸರಾಸರಿ ತಿಳಿಯುತ್ತದೆ. ವ್ಯಾಯಾಮದಿಂದ ಶುಗರ್ ಇಳಿದಿದ್ದರೆ ವೈದ್ಯರೇ ಡೋಸ್ ತಗ್ಗಿಸಬಹುದು. ಆ ನಿರ್ಧಾರ ಪಾರ್ಕಿನಲ್ಲಿ ಆಗಬಾರದು.

ಕಾಲುನೋವು ಕಡಿಮೆಯಾಗಿದ್ದು ನಿಜವೇ ಇರಬೇಕು. ಅಮೆರಿಕದಲ್ಲಿ ಮಂಡಿ ಸವೆತದ 204 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12 ವಾರದ ತಾಯ್ ಚಿ ಫಿಸಿಯೋಥೆರಪಿಯಷ್ಟೇ ಫಲ ಕೊಟ್ಟಿತು. ಮಂಡಿ ತುಸು ಬಗ್ಗಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗಿಸುವಾಗ ತೊಡೆಯ ಸ್ನಾಯುಗಳು ಗಟ್ಟಿಯಾಗುತ್ತವೆ, ಸಮತೋಲ ಸುಧಾರಿಸುತ್ತದೆ. ಈ ಲಾಭ ನಿಮ್ಮ ಅಮ್ಮನ ದುಡಿಮೆಯದು. ಅದನ್ನು ಬೇರೆಯವರ ಅಂಗೈಯ ಲೆಕ್ಕಕ್ಕೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಅಂದಹಾಗೆ, ತಾಯ್ ಚಿ ಎಂಬ ಹೆಸರಿನಲ್ಲಿರುವ ‘ಚಿ’ ಶಕ್ತಿಯಲ್ಲ. ಚೀನೀ ಭಾಷೆಯಲ್ಲಿ ಅದು ‘ಪರಮ’, ‘ತುತ್ತತುದಿ’ ಎಂಬ ಅರ್ಥದ ಬೇರೆ ಅಕ್ಷರ. ಪ್ರಾಣಶಕ್ತಿ ಎನ್ನುವ ‘ಚಿ’ ಇನ್ನೊಂದು. ನಮ್ಮ ಲಿಪಿಯಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಗೊಂದಲ.

ಮಂಡಿ ಬೆಚ್ಚಗಾಯಿತು ಎಂದಾಗ ಅಮ್ಮ ಸುಳ್ಳು ಹೇಳುತ್ತಿಲ್ಲ. ಕಣ್ಣುಮುಚ್ಚಿ ಮೈಯ ಒಂದೇ ಭಾಗದ ಮೇಲೆ ಗಮನವಿಟ್ಟರೆ ಯಾರಿಗಾದರೂ ಅಲ್ಲಿ ಬಿಸಿ, ಜುಮ್ಮೆನ್ನುವುದು ಅನುಭವಕ್ಕೆ ಬರಬಹುದು. ಕೈ ತೀರಾ ಹತ್ತಿರವಿದ್ದರೆ ಅದರ ಶಾಖವೂ ತಟ್ಟುತ್ತದೆ. ಇಂಥ ಶಕ್ತಿಯ ಮಾತನ್ನು ಚೆನ್ನಾಗಿ ಪರೀಕ್ಷಿಸಿದವಳು ಎಮಿಲಿ ರೋಸಾ ಎಂಬ ಅಮೆರಿಕದ ಬಾಲಕಿ. ಮೈಯ ಶಕ್ತಿಕ್ಷೇತ್ರ ತಮಗೆ ತಿಳಿಯುತ್ತದೆ ಎನ್ನುತ್ತಿದ್ದ 21 ಮಂದಿ ಚಿಕಿತ್ಸಕರನ್ನು ಅಡ್ಡ ತೆರೆಯ ಆಚೆ ಕೂರಿಸಿ, ಅವರ ಯಾವುದಾದರೂ ಒಂದು ಕೈ ಮೇಲೆ ಮುಟ್ಟದೆ ತನ್ನ ಕೈ ಹಿಡಿದು ‘ಯಾವ ಕೈ?’ ಎಂದು ಕೇಳಿದಳು. 280 ಸಲ ಕೇಳಿದಾಗ ಸರಿಯುತ್ತರ ಬಂದದ್ದು 123 ಸಲ. ಸುಮ್ಮನೆ ಊಹಿಸಿದ್ದರೂ ಅರ್ಧದಷ್ಟು ಸರಿಯಾಗಬೇಕಿತ್ತು. 1998ರಲ್ಲಿ ಇದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು.

ನೀವೂ ಇಂಥದ್ದೇ ಪರೀಕ್ಷೆ ಕೇಳಬಹುದು. ಅಮ್ಮನ ಕಣ್ಣಿಗೆ ಬಟ್ಟೆ ಕಟ್ಟಿ. ಗುರುಗಳು ಒಂದು ಮೀಟರ್ ದೂರ ನಿಲ್ಲಲಿ. ನಾಣ್ಯ ಚಿಮ್ಮಿ ಬಲ ಮಂಡಿಯೋ ಎಡ ಮಂಡಿಯೋ ತೀರ್ಮಾನಿಸಿ, ಯಾವುದು ಬೆಚ್ಚಗಾಯಿತೆಂದು ಅಮ್ಮನನ್ನು 20 ಸಲ ಕೇಳಿ ನೋಡಿ. ಕೇಳಲು ಸಂಕೋಚ ಬೇಡ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆಂದೇ ಸಮಿತಿ ರಚಿಸಿದ್ದರು.

ಅಮ್ಮನ ಜೊತೆ ಜಗಳಕ್ಕಿಳಿಯಬೇಡಿ. ಒಂದು ವಾರ ಬೆಳಿಗ್ಗೆ ಅವರ ಪಕ್ಕದಲ್ಲೇ ನಿಂತು ನೀವೂ ಅಭ್ಯಾಸ ಮಾಡಿ, ಆಮೇಲೆ ಮಾತನಾಡಿ. ಆ ಬೇರೆ ಫೀಸಿನ ದುಡ್ಡಿನಲ್ಲಿ ಮನೆಗೊಂದು ಗ್ಲುಕೋಮೀಟರ್ ತನ್ನಿ.