ಫ್ರೆಶ್‌ಡೆಸ್ಕೋ ಜೋಹೊ ಡೆಸ್ಕೋ ಆಮ್ಯಾಲ, ಮೊದಲು ಇಮೇಲ್ ಕಾಲಂ ನೋಡ್ರಿ

ಕಲಬುರಗಿಯಾಗ ಇನ್ವರ್ಟರ್-ಬ್ಯಾಟರಿ ಮಾರಾಟ, ಸರ್ವಿಸ್, ಎಂಟು ಜನರ ತಂಡ; ಗಿರಾಕಿಗಳ ದೂರು ಬರೆದಿಟ್ಟು ನೋಡ್ಕೊಳ್ಳಲಿಕ್ಕೆ ಫ್ರೆಶ್‌ಡೆಸ್ಕ್, ಜೋಹೊ ಡೆಸ್ಕ್ ಎರಡರಾಗ ಯಾವ ಸಾಫ್ಟ್‌ವೇರ್ ತಗೊಳ್ಳಲಿ ಅಂತ ಕೇಳೀರಿ. ಇದೇ ಧಂದೆ, ಇದೇ ಊರು, ಇದೇ ಪ್ರಶ್ನೆ ನಂದೂ ಇತ್ತು. ಯಾವುದಾದ್ರೂ ನಡೀತದ್ರಿ. ಕೆಡೋದು ಬ್ಯಾರೆ ಕಡೆ.

ನಾ ಕೆಟ್ಟಿದ್ದು ಇಮೇಲ್ ಕಾಲಂನಾಗ. ಹೊಸ ಟಿಕೆಟ್‌ಗೆ, ಅಂದ್ರ ಸಾಫ್ಟ್‌ವೇರ್‌ನಾಗ ದಾಖಲಾಗೋ ಒಂದೊಂದು ದೂರಿಗೆ, ಗ್ರಾಹಕರ ಇಮೇಲ್ ಕಡ್ಡಾಯ ಅಂತಿತ್ತು, ಹಂಗೇ ಬಿಟ್ಟೆ. ಜೇವರ್ಗಿಯಿಂದ ಫೋನ್ ಹಚ್ಚಿ “ಲೈಟ್ ಹೋದ್ರ ಇನ್ವರ್ಟರ್ ಹತ್ತಂಗಿಲ್ರಿ” ಅನ್ನೋರಿಗೆ ಇಮೇಲ್ ಯಾರು ಕೇಳ್ತಾರ? ಹುಡುಗ್ರು ಎಲ್ಲಾ ದೂರಿಗೂ ಅಂಗಡಿ ಇಮೇಲೇ ತುಂಬಿದ್ರು. ನಮ್ಮ ಸಾಫ್ಟ್‌ವೇರ್‌ಗೆ ಒಂದು ಇಮೇಲ್ ಅಂದ್ರ ಒಬ್ಬ ಮನುಷ್ಯ. ಹಿಂಗಾಗಿ ಜಿಲ್ಲಾದ ಗಿರಾಕಿಗಳೆಲ್ಲ ಕೂಡಿ ಒಬ್ಬರೇ ಆದ್ರು. ಒಂದು ಬ್ಯಾಟರಿ ವಾರಂಟಿ ಹುಡುಕಿದ್ರ ಎಲ್ಲರ ಇತಿಹಾಸನೂ ಒಮ್ಮೆಲೆ ಬಿಚ್ಚಿಕೊಳ್ತಿತ್ತು. ಅದರ ಮ್ಯಾಲ, “ನಿಮ್ಮ ದೂರು ದಾಖಲಾಗಿದೆ” ಅನ್ನೋ ಆಟೋ ರಿಪ್ಲೈ ನಮ್ಮ ಇಮೇಲ್‌ಗೇ ಬಂತು, ಅದು ಹೊಸ ಟಿಕೆಟ್ ಆಯ್ತು, ಅದಕ್ಕೂ ಆಟೋ ರಿಪ್ಲೈ ಹೋಯ್ತು. ಗಾಣದ ಎತ್ತಿನಂಗ ತಿರುಗಿದ್ದೇ ತಿರುಗಿದ್ದು.

ಆಮ್ಯಾಲ ಇಮೇಲ್ ತೆಗೆದು ಫೋನ್ ನಂಬರ್ ಕಡ್ಡಾಯ ಮಾಡಿದೆ. ಒಬ್ಬ 0 ಹಚ್ಚಿ ತುಂಬಿದ, ಒಬ್ಬ +91 ಹಚ್ಚಿದ, ಇನ್ನೊಬ್ಬ ಬರೇ ಹತ್ತು ಅಂಕಿ. ಒಬ್ಬ ಗಿರಾಕಿ ಮೂವರಾದ. ನೀವು ಹಳೇ ಪಟ್ಟಿ ಏರಿಸೋಕಿಂತ ಮೊದಲೇ ಎಕ್ಸೆಲ್‌ನಾಗ ಕೊನೇ ಹತ್ತು ಅಂಕಿ ಉಳಿಸಿ ಎಲ್ಲಕ್ಕೂ +91 ಹಚ್ರಿ. ಆ ಕಾಲಂ ‘ಟೆಕ್ಸ್ಟ್’ ಇರಬೇಕು. ಇಲ್ಲಂದ್ರ ನಂಬರ್ 9.19E+11 ಅಂತ ಮುದುಡಿ, ಪಟ್ಟಿ ಏರಿಸೋ ಸಿಎಸ್‌ವಿ ಫೈಲ್‌ನಾಗೂ ಹಂಗೇ ಕೂಡ್ತದ.

ಫೋನ್ ನಂಬರ್ ಒಂದನ್ನೇ ನಂಬಬ್ಯಾಡ್ರಿ. ದೂರು ಹೇಳೋದು ಪುಣೆದಾಗಿನ ಮಗ, ಬ್ಯಾಟರಿ ಇರೋದು ಸೇಡಂ ಮನ್ಯಾಗ. ಸೀರಿಯಲ್ ನಂಬರ್, ತಾಲ್ಲೂಕು, ಕಡೀಗೆ ನೀರು ಹಾಕಿದ ದಿನ, ಇವು ಮೂರೂ ಕಾಲಂ ನೀವೇ ಸೇರಿಸ್ರಿ. ಬ್ಯಾಸಗಿಯಾಗ ಮೂರನೇದೇ ಕೈ ಹಿಡೀತದ: ನೀರು ಹಾಕಿ ಬಹಳ ದಿನ ಆಗಿದ್ರ, “ಬ್ಯಾಟರಿ ಮ್ಯಾಲ ನೀರಿನ ಮಟ್ಟ ತೋರಿಸೋ ಫ್ಲೋಟ್ ಕೆಂಪಿಗೆ ಇಳಿದದೇನು ನೋಡ್ರಿ” ಅಂತ ಫೋನಿನಾಗೇ ಕೇಳಬಹುದು. ಡಿಸ್ಟಿಲ್ಡ್ ವಾಟರ್‌ನಿಂದ ಮುಗಿಯೋ ಕೆಲಸಕ್ಕ ಮೆಕ್ಯಾನಿಕ್‌ನ ಆಳಂದ ತನಕ ಯಾಕ ಓಡಿಸಬೇಕು?

ಎಂಟು ಲೈಸೆನ್ಸೂ ಬ್ಯಾಡ. ಒಬ್ಬೊಬ್ಬರ ಲೆಕ್ಕಕ್ಕ ತಿಂಗಳಾ ರೊಕ್ಕ ಕಟ್ಟಬೇಕಾಗ್ತದ. ಊರೂರು ತಿರುಗೋ ಮೆಕ್ಯಾನಿಕ್‌ಗಳಿಗೆ ಲಾಗಿನ್ ಯಾಕ? ಫೋನ್ ಎತ್ತೋರಿಗಷ್ಟೇ ಕೊಡ್ರಿ.

ವಾಟ್ಸಾಪ್ ಮೆಸೇಜ್ ಟಿಕೆಟ್ ಒಳಗೇ ಬರಬೇಕಂದ್ರ ವಾಟ್ಸಾಪ್‌ನ ಎಪಿಐ, ಅಂದ್ರ ಎರಡು ಸಾಫ್ಟ್‌ವೇರ್ ಕೂಡಿಸೋ ಕೊಂಡಿ, ಜೋಡಿಸಬೇಕು. ಅದರಾಗ ಗಿರಾಕಿಯ ಕಡೇ ಮೆಸೇಜ್ ಆದ ಮ್ಯಾಲ 24 ತಾಸು ಮಾತ್ರ ನಿಮ್ಮ ಮನಸ್ಸಿಗೆ ಬಂದಂಗ ಬರೀಬಹುದು. ಶನಿವಾರ ಸಂಜಿ ಬಂದ ವಾಯ್ಸ್ ನೋಟಿಗೆ ಸೋಮವಾರ ಉತ್ತರ ಕೊಡ್ಲಿಕ್ಕೆ ವಾಟ್ಸಾಪ್‌ನವರಿಂದ ಮೊದಲೇ ಮಂಜೂರಾದ ಟೆಂಪ್ಲೇಟ್ (ಬರೆದಿಟ್ಟ ಮೆಸೇಜ್) ಬೇಕು, ಅದಕ್ಕ ರೊಕ್ಕನೂ ಬೀಳ್ತದ. “ನಿಮ್ಮ ದೂರು ಬಂದದ, ಮೆಕ್ಯಾನಿಕ್ ಈ ದಿನ ಬರ್ತಾರ” ಅನ್ನೋದೊಂದು ಈಗಲೇ ಮಂಜೂರು ಮಾಡಿಸಿ ಇಟ್ಟುಕೊಳ್ರಿ.

ಟ್ರಯಲ್ ಶುರು ಆದ ದಿನ ಡೆಮೊ ನೋಡ್ಕೋತ ಕೂಡಬ್ಯಾಡ್ರಿ. ಹೋದ ವಾರದ ವಹಿಯಾಗಿನ 20 ದೂರು ತಗೊಂಡು, ಕಂಪ್ಯೂಟರ್ ಕಂಡ್ರ ಆಗದ ಹುಡುಗನ ಕೈಲೇ ತುಂಬಸ್ರಿ. ಒಂದು ದೂರಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿದ್ರ ಕಾಲಂ ಕಡಿಮಿ ಮಾಡ್ರಿ, ಇಲ್ಲಂದ್ರ ನಾಳೆ ಮತ್ತ ಅಂಗಡಿ ಇಮೇಲೇ ಬೀಳ್ತದ.