ಗುಂಡು ಹಿಂದಿನಿಂದ ಹೊಕ್ಕಿತ್ತು

ನರಮೇಧದ ಸುದ್ದಿ ನೋಡಿ ಸಿಟ್ಟಿನಲ್ಲಿ ಕುದಿಯುವವರು ಈಚೆಗೆ ಆಪ್ತಸಲಹೆಗೆ ನನ್ನ ಬಳಿ ಜಾಸ್ತಿ ಬರುತ್ತಿದ್ದಾರೆ. 'ಈ ಕೋಪ ಹೋಗುವ ಹಾಗೆ ಮಾಡಿ' ಅನ್ನುತ್ತಾರೆ. ಹಾಗೆ ಮಾಡಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳಲು ಈ ಪ್ರಕರಣ ಬರೆಯುತ್ತಿದ್ದೇನೆ. ಇದರಲ್ಲಿ ಬರುವಾಕೆಯ ಒಪ್ಪಿಗೆ ಇದೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಆಕೆ ಕರಾವಳಿ ಕಡೆಯ ನರ್ಸ್. 2017ರ ಆಗಸ್ಟ್‌ನಿಂದ ಮ್ಯಾನ್ಮಾರ್ ಸೇನೆಯ ದಾಳಿಗೆ ಸಿಕ್ಕಿ ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಂ ಸಮುದಾಯದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿ ಬಂದರಲ್ಲ, ಆಗ ಕಾಕ್ಸ್ ಬಜಾರ್‌ನ ಶಿಬಿರದಲ್ಲಿ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುತ್ತಿದ್ದರು. ಊರಿಗೆ ಬಂದ ಮೇಲೆ ನಿದ್ದೆ ಇಲ್ಲ, ಮನೆಯಲ್ಲಿ ದಿನಾ ಜಗಳ. ಯಾರೋ ಧ್ಯಾನದ ಕ್ಲಾಸಿಗೆ ಕಳಿಸಿದರು. 'ಎಲ್ಲರನ್ನೂ ಕ್ಷಮಿಸಿ, ಕರುಣೆ ಬೆಳೆಸಿಕೊಳ್ಳಿ' ಅಂದರಂತೆ. ಅರ್ಧಕ್ಕೇ ಎದ್ದು ಬಂದರು.

ಒಂದು ದಿನ ತಲೆ ತಗ್ಗಿಸಿಕೊಂಡು ಹೇಳಿದರು: "ಮೇಡಂ, ಕುಶಾಲನಗರದ ಬಸ್ಸಲ್ಲಿ ಒಂದು ಕೆಟ್ಟ ಕೆಲಸ ಮಾಡ್ಬಿಟ್ಟೆ."

ಬೈಲಕುಪ್ಪೆಯ ಟಿಬೆಟನ್ ಭಿಕ್ಷು ಒಬ್ಬ ಪಕ್ಕದ ಸಾಲಿನಲ್ಲಿ ಕೂತಿದ್ದ. ಇನ್ನೂ ಹುಡುಗ. ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಇವರ ಕಡೆಗೂ ಚಾಚಿದ. ಇವರು ಆ ಕೈಯನ್ನು ತಳ್ಳಿ, ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟರು. ಮ್ಯಾನ್ಮಾರ್‌ನಲ್ಲಿ ಕೆಲವು ಭಿಕ್ಷುಗಳು ರೋಹಿಂಗ್ಯಾಗಳ ವಿರುದ್ಧ ವಿಷ ಕಾರಿದ್ದರು. ಅಂಥದೇ ಕೆಂಪು ಬಟ್ಟೆ ಕಂಡು ಮೈ ಉರಿದುಹೋಗಿತ್ತು.

"ಈ ಕೋಪ ಮೊದಲ ಸಲ ಬಂದಿದ್ದು ಯಾವಾಗ?" ಅಂತ ಕೇಳಿದೆ.

ತುಂಬಾ ಹೊತ್ತು ಬಿಟ್ಟು ಹೇಳಿದರು. "ಒಬ್ಬ ಹುಡುಗನ ತೊಡೆಯ ಗಾಯ ತೊಳೀತಿದ್ದೆ. ತೊಳೆಯುವಾಗ ಅಯ್ಯೋ ಪಾಪ ಅಂತ ಮಾತ್ರ ಇತ್ತು. ಮಗ್ಗುಲಾಗಿಸಿ ನೋಡಿದೆ. ಗುಂಡು ಹಿಂದಿನಿಂದ ಹೊಕ್ಕಿತ್ತು. ಓಡ್ತಾ ಇದ್ದವನಿಗೆ ಹೊಡೆದಿದ್ದಾರೆ ಮೇಡಂ. ಆಗ ಬಂತು."

ಆಕೆಯ ಇಡೀ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಕರುಣೆ ಗಾಯ ತೊಳೆಯಿತು. ಹೊಡೆದವರು ಯಾರು ಅಂತ ಕೇಳಿದ್ದು ಕೋಪ. ಆ ಪ್ರಶ್ನೆಯನ್ನು ಉಸಿರಾಟದ ಅಭ್ಯಾಸ ಮಾಡಿಸಿ ಆರಿಸಿಬಿಡುವುದು ನನ್ನ ಪ್ರಕಾರ ಅನ್ಯಾಯ.

ಹಾಗಂತ ಕೋಪವನ್ನು ಹರಿದ ಕಡೆ ಹರಿಯಲು ಬಿಡಬೇಕು ಅಂತಲ್ಲ. 1994ರ ನರಮೇಧದ ಹೊತ್ತಿಗೆ ರುವಾಂಡಾದ ಒಂದು ರೇಡಿಯೋ ಅಲ್ಲಿನ ಟುಟ್ಸಿ ಜನಾಂಗದವರನ್ನು ಜಿರಳೆಗಳು ಅಂತ ಕರೆಯುತ್ತಿತ್ತು. ಒಂದಿಡೀ ಜನಾಂಗದ ಮೇಲೆ ಸಿಟ್ಟು, ಭಯ ಎಬ್ಬಿಸಿದ್ದೂ ಅಷ್ಟೊಂದು ಜನ ಕೊಲೆಗೆ ಕೈ ಹಾಕಲು ಒಂದು ಕಾರಣ. ಬಸ್ಸಿನಲ್ಲಿ ಆಕೆಯ ಕೋಪವೂ ಜಾರಿದ್ದು ಆ ಕಡೆಗೇ. ಬಿಸ್ಕತ್ತು ಕೊಟ್ಟ ಹುಡುಗನ ಹಿರಿಯರೂ ದೇಶ ಬಿಟ್ಟು ಬಂದವರೇ ಅಲ್ವಾ? ಇದನ್ನು ನೇರವಾಗಿಯೇ ಹೇಳಿದೆ. ಅತ್ತರು.

ನಾನು ಕೊಟ್ಟ ಸಲಹೆ: ಕೋಪಕ್ಕೆ ಸರಿಯಾದ ವಿಳಾಸ ಕೊಡಿ. ಆ ವಿಳಾಸ ಇದೆ. ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ 2018ರಲ್ಲೇ ಮ್ಯಾನ್ಮಾರ್‌ನ ಆಗಿನ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಸೇರಿ ಹಿರಿಯ ಜನರಲ್‌ಗಳ ಹೆಸರು ಹೇಳಿದೆ. ಸಾಕ್ಷ್ಯ ಕೂಡಿಡಲು ಅದೇ ವರ್ಷ ಬೇರೊಂದು ತನಿಖಾ ವ್ಯವಸ್ಥೆಯೂ ಆಯಿತು. ಕಂಡಿದ್ದು ಒಂದು ಪುಸ್ತಕದಲ್ಲಿ, ಕೇಳಿದ್ದು ಇನ್ನೊಂದರಲ್ಲಿ ಬರೆಯಿರಿ. ರೋಗಿಗಳ ಹೆಸರು ಬೇಡ. ಕೆಲಸ ಮಾಡಿದ ಸಂಸ್ಥೆಯನ್ನು ಕೇಳದೆ ಯಾರಿಗೂ ಕೊಡಬೇಡಿ.

ಕೆಲವು ಸಹೋದ್ಯೋಗಿಗಳಿಗೆ ಇದು ಒಪ್ಪಿಗೆಯಿಲ್ಲ. ಗಾಯ ಕೆದಕುತ್ತಿದ್ದೀರಿ ಅನ್ನುತ್ತಾರೆ. ಅವರಿಗೆ ನಾನು ಆಫ್ರಿಕಾದ ಗ್ಯಾಂಬಿಯಾ ದೇಶದ ಅಬೂಬಕರ್ ತಂಬಾದು ಅವರ ವಿಷಯ ಹೇಳುತ್ತೇನೆ. ರುವಾಂಡಾ ನರಮೇಧದ ವಿಚಾರಣೆ ನಡೆಸಿದ ನ್ಯಾಯಮಂಡಳಿಯಲ್ಲಿ ವರ್ಷಗಟ್ಟಲೆ ದುಡಿದ ವಕೀಲರು. ಕಾನೂನು ಮಂತ್ರಿಯಾಗಿದ್ದಾಗ, 2018ರಲ್ಲಿ, ಕಾಕ್ಸ್ ಬಜಾರ್‌ನಲ್ಲಿ ರೋಹಿಂಗ್ಯಾಗಳ ಮಾತು ಕೇಳಿದರು. ಮರುವರ್ಷ ಆ ಪುಟ್ಟ ದೇಶ ಮ್ಯಾನ್ಮಾರನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. 2020ರ ಜನವರಿ 23ರಂದು ರೋಹಿಂಗ್ಯಾಗಳನ್ನು ಕಾಪಾಡಬೇಕೆಂದು ಮಧ್ಯಂತರ ಆದೇಶ ಬಂತು, ಅದೂ ಒಮ್ಮತದಿಂದ. ಬರೀ ಮರುಕಪಟ್ಟು ವಾಪಸ್ ಹೋಗಿದ್ದರೆ ಈ ಕೇಸೇ ಇರುತ್ತಿರಲಿಲ್ಲ.

ಮನೆಯವರಿಗೂ ಹೇಳಿದೆ: 'ಸಾಕು, ಮರೆತುಬಿಡು' ಅನ್ನಬೇಡಿ. ರಾತ್ರಿ ಎಚ್ಚರವಿದ್ದರೆ ಜೊತೆಗೆ ಕೂತುಕೊಳ್ಳಿ. ನಿದ್ದೆಗೆ ಮನೋವೈದ್ಯರ ಔಷಧಿ ಇನ್ನೂ ನಡೆಯುತ್ತಿದೆ. ಬರೆದಿದ್ದನ್ನು ಯಾರಿಗೆ, ಹೇಗೆ ತಲುಪಿಸುವುದು ಅಂತ ಆಕೆ ಸಂಸ್ಥೆಗೆ ಪತ್ರ ಹಾಕಿದ್ದಾರೆ. ಉತ್ತರ ಬಂದಿಲ್ಲ, ಮತ್ತೆ ಬರೆಯುತ್ತೇನೆ ಅಂದಿದ್ದಾರೆ.